ಮಂಡಕಳ್ಳಿಯಿಂದ ಸಣ್ಣ ವಿಮಾನ: ಐದನೇ ಸಲ ಕೈಹಿಡಿಯಿತು

ಹೋದ ತಿಂಗಳು ಗೋಣಿಕೊಪ್ಪದ ಮನೆಯಲ್ಲಿ ಬೆಳಿಗ್ಗೆ ಕಡಂಬುಟ್ಟು ತಿಂದು ಹೊರಟವನು ರಾತ್ರಿ ಊಟಕ್ಕೆ ಹೈದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಸಣ್ಣ ವಿಮಾನ ಹತ್ತಿದ್ದೆ, ಬೆಂಗಳೂರಿನ ಮುಖ ನೋಡಲಿಲ್ಲ. "ಆ ಫ್ಯಾನ್ ವಿಮಾನ ನಂಬ್ಕೊಂಡ್ರೆ ಮಂಡಕಳ್ಳೀಲೇ ಮಲಗ್ಬೇಕು" ಎಂದು ನಕ್ಕಿದ್ದ ಪಕ್ಕದ ತೋಟದವರು ಈಗ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು.

ಮೊದಲು ದುಡ್ಡಿನ ಮಾತು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಟ್ಯಾಕ್ಸಿ ಅಂದರೆ ಹತ್ತಿರ ಹತ್ತಿರ 9,000. ಟಿಕೆಟ್ ಸೇರಿ ಒಂದು ಕಡೆಗೆ 13,000 ಕೈಬಿಡುತ್ತಿತ್ತು, ದಾರಿಯಲ್ಲೇ ಏಳು ಗಂಟೆ. ಮಂಡಕಳ್ಳಿ ನಮ್ಮಲ್ಲಿಂದ ಸುಮಾರು 90 ಕಿಲೋಮೀಟರ್. ಟಿಕೆಟ್ 3,600ರ ಆಸುಪಾಸು, ಡೀಸೆಲ್ಲು, ಚಹಾ, ಎಲ್ಲ ಸೇರಿ 5,000. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಮೊದಲ ನಾಲ್ಕು ಸಲ ಒಂದೂ ನೆಟ್ಟಗೆ ಆಗಲಿಲ್ಲ.

ಮೊದಲ ಸಲ ಟಿಕೆಟ್ ಮಾಡಿಸಿದ್ದು ಏಜೆಂಟ್ ಹತ್ತಿರ. ಪುಣ್ಯಾತ್ಮ ತನ್ನದೇ ಫೋನ್ ನಂಬರ್ ಹಾಕಿದ್ದ. ವಿಮಾನ ರದ್ದು ಎಂಬ ಮೆಸೇಜ್ ಅವನಿಗೆ ಹೋಯಿತು, ಅವನು ಮದುವೆ ಮನೆಯಲ್ಲಿದ್ದ. ನಾನು ಸೂಟ್‌ಕೇಸ್ ಹಿಡಿದು ಕೌಂಟರ್ ಮುಂದೆ ನಿಂತಿದ್ದೆ. ಟಿಕೆಟ್ ದುಡ್ಡು ವಾಪಸ್ ಬಂತು. ಪರಿಹಾರ ಕೇಳಿದೆ. ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ನಿಯಮದಲ್ಲಿ, ಮುಂಚೆ ತಿಳಿಸದೆ ರದ್ದು ಮಾಡಿದರೆ ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹವಾಮಾನದ ಕಾರಣವಾದರೆ ಅದೂ ಇಲ್ಲ. ಟಿಕೆಟ್ ಮಾಡುವಾಗ ಸರಿಯಾದ ನಂಬರ್ ಕೊಡದಿದ್ದರೂ ಇಲ್ಲ. ನನಗೆ ಬಿದ್ದ ಏಟು ಈ ಕೊನೆಯದ್ದು. ಅವತ್ತು ಮೈಸೂರಿನಿಂದ ಟ್ಯಾಕ್ಸಿ ಹಿಡಿದು ದೇವನಹಳ್ಳಿಗೆ ಓಡಿದ್ದಕ್ಕೆ 4,500 ಹೋಯಿತು, ಹೊಸ ಟಿಕೆಟ್ ಬೇರೆ.

ಎರಡನೇ ಸಲದ್ದು ನೆನಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಚೆನ್ನೈವರೆಗೆ ಸಣ್ಣ ವಿಮಾನ, ಅಲ್ಲಿಂದ ದೆಹಲಿಗೆ ಬೇರೆ ಕಂಪನಿ, ಬೇರೆ ಟಿಕೆಟ್. ನಡುವೆ ಎರಡು ಗಂಟೆ ಇಟ್ಟಿದ್ದೆ, ಬುದ್ಧಿವಂತ ನಾನು. ಸಣ್ಣದು ಎರಡೂವರೆ ಗಂಟೆ ತಡ. ದೆಹಲಿಯ 11,000 ಗಾಳಿಗೆ ಹೋಯಿತು. ಎರಡು ಟಿಕೆಟ್ ಬೇರೆ ಬೇರೆಯಾದರೆ ಯಾರೂ ಜವಾಬ್ದಾರರಲ್ಲ. ಈಗ ಆರು ಗಂಟೆಗಿಂತ ಕಡಿಮೆ ಅಂತರ ಇಡುವುದೇ ಇಲ್ಲ. ಮೂರನೇ ಸಲ ವಿಮಾನ ಸರಿಯಾಗಿಯೇ ಹೋಯಿತು, ಚೆಕ್‌ಇನ್ ಬ್ಯಾಗಿನಲ್ಲಿದ್ದ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಬಾಟಲಿ ಒಡೆಯಿತು. ಮಗಳ ಹೊಸ ಸೀರೆಗೆ ಎಂಥ ಬಣ್ಣ ಬಂತು ಅಂತ ಕೇಳಬೇಡಿ.

ನಾಲ್ಕನೆಯದು ಜುಲೈಯಲ್ಲಿ. ಮೂರು ಗಂಟೆ ತಡ. ಎರಡು ಗಂಟೆ ದಾಟಿದ ಮೇಲೆ ತಿಂಡಿ ಕೊಡಲೇಬೇಕು, ಕೇಳಿದ್ದಕ್ಕೆ ಕೊಟ್ಟರು. ಸೆಕ್ಯೂರಿಟಿಯಲ್ಲಿ ಶೂ ಬಿಚ್ಚಿದರೆ ಕಾಲ್ಚೀಲದಲ್ಲಿ ಜಿಗಣೆ. ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿದ್ದೆ, ಅಲ್ಲಿಂದಲೇ ಜೊತೆಗೆ ಬಂದಿತ್ತು. ತಪಾಸಣೆಯ ಹುಡುಗಿ ಹೌಹಾರಿದ್ದು ನೋಡಬೇಕಿತ್ತು.

ಅವತ್ತು ಕಾಯುತ್ತಾ ಕೂತಾಗಲೇ ತಲೆಗೆ ಹೊಳೆದದ್ದು. ಇಂಥ ಸಣ್ಣ ವಿಮಾನಗಳಿಗೆ ಬಿಡುವು ಕಡಿಮೆ. ಒಂದೇ ವಿಮಾನ ಬೆಳಿಗ್ಗೆಯಿಂದ ಒಂದೂರಿಂದ ಇನ್ನೊಂದೂರಿಗೆ ಹೋಗುತ್ತಲೇ ಇರುತ್ತದೆ, ನಮ್ಮ ಘಾಟಿ ಬಸ್ಸಿನ ಹಾಗೆ. ನಡುವೆ ಅರ್ಧ ಗಂಟೆ ನಿಂತರೆ ಹೆಚ್ಚು. ಮೊದಲ ಟ್ರಿಪ್ಪಿನಲ್ಲಿ ಎಡವಿದರೆ ಸಂಜೆವರೆಗೆ ಸುಧಾರಿಸಿಕೊಳ್ಳುವುದಿಲ್ಲ. ಹಾಗಾದರೆ ನಾನು ನೋಡಬೇಕಾದ್ದು ನನ್ನ ವಿಮಾನದ ಟೈಮನ್ನಲ್ಲ. ಅದೇ ವಿಮಾನ ಅದಕ್ಕೂ ಮೊದಲು ಎಲ್ಲಿದೆ ಅನ್ನುವುದನ್ನು, ಅಲ್ವಾ?

ಈಗ ಹಿಂದಿನ ನಾಲ್ಕೈದು ದಿನ ಯಾವ ವಿಮಾನ ಎಲ್ಲಿದೆ ಎಂದು ತೋರಿಸುವ ಫ್ಲೈಟ್‌ರಾಡಾರ್24 ಆ್ಯಪಿನಲ್ಲಿ ಆ ವಿಮಾನ ಯಾವ ಊರು ಸುತ್ತಿ ಮೈಸೂರಿಗೆ ಬರುತ್ತದೆ ಎಂದು ನೋಡಿಟ್ಟುಕೊಳ್ಳುತ್ತೇನೆ. ಹೊರಡುವ ದಿನ ವಿಟಿಯಿಂದ ಶುರುವಾಗುವ ನೋಂದಣಿ ಸಂಖ್ಯೆ ಹಿಡಿದು ಬೆಳಿಗ್ಗೆಯಿಂದ ಹಿಂಬಾಲಿಸುತ್ತೇನೆ. ಮೊದಲ ಟ್ರಿಪ್ ಸರಿಯಾಗಿ ಎದ್ದರೆ ಜೀಪ್ ಸ್ಟಾರ್ಟ್. ನಲವತ್ತು ನಿಮಿಷ ತಡವಾದರೆ ಇನ್ನೊಂದು ಕಾಫಿ. ಆದರೂ ಚೆಕ್‌ಇನ್ ಮುಚ್ಚುವ ಹೊತ್ತಿಗೆ ಅಲ್ಲಿರುತ್ತೇನೆ, ವಿಮಾನ ತಡವಾದರೂ ಕೌಂಟರ್ ಕಾಯುವುದಿಲ್ಲ. ಹುಣಸೂರಿನಲ್ಲಿ ನಿಂತು ಮತ್ತೊಮ್ಮೆ ನೋಡುತ್ತೇನೆ, ಯಾಕೆಂದರೆ ತಿತಿಮತಿ ದಾಟಿದ ಮೇಲೆ ಕಾಡಿನಲ್ಲಿ ಸಿಗ್ನಲ್ ಇಲ್ಲ. ಅಲ್ಲಿ ರದ್ದು ಎಂದು ಗೊತ್ತಾದರೆ ಮೈಸೂರಿನಿಂದ ಫ್ಲೈಬಸ್ ಹಿಡಿದು ದೇವನಹಳ್ಳಿ. ಯಾವ ವಾರ ಟಿಕೆಟ್ ಅಗ್ಗ, ಜೀಪ್ ಎಲ್ಲಿ ಬಿಡುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ನನಗೇ ಜಾಗ ಇರುವುದಿಲ್ಲ.

ಮಧ್ಯೆ ಕೇರಳದ ಕಣ್ಣೂರನ್ನೂ ನೋಡಿದೆ. 2018ರ ಡಿಸೆಂಬರಿನಲ್ಲಿ ಶುರುವಾದ ನಿಲ್ದಾಣ, ಮಟ್ಟನ್ನೂರಿನಲ್ಲಿದೆ, ನಮಗೆ ಮೈಸೂರಿಗಿಂತ ಹತ್ತಿರ. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ಮಾಕುಟ್ಟ ಘಾಟಿ ನಂಬುವ ಹಾಗಿಲ್ಲ, 2018ರಲ್ಲಿ ಕುಸಿದದ್ದು ಮರೆತಿಲ್ಲವಲ್ಲ.

ಮಂಡಕಳ್ಳಿಯ ರನ್‌ವೇ 1,740 ಮೀಟರ್, ದೊಡ್ಡ ಜೆಟ್ ವಿಮಾನಕ್ಕೆ ಚಿಕ್ಕದು. ಅದಕ್ಕೇ ನಮಗೆ ಅಲ್ಲಿ ಸಿಗುವುದು ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ 72. ಹತ್ತುವುದು ಹಿಂದಿನ ಬಾಗಿಲಿನಿಂದ. ಮುಂದಿನ ಸೀಟಿಗೆ ಜಗಳವಾಡಬೇಡಿ. ಪ್ರೊಪೆಲರ್ ಸದ್ದು ಅಲ್ಲೇ ಜಾಸ್ತಿ, ಇಳಿಯುವಾಗ ಕೊನೆಯವರೂ ನೀವೇ. ನಾನು ಹಿಂದೆ ಕೂರುತ್ತೇನೆ. ರೆಕ್ಕೆ ಮೇಲಿರುವುದರಿಂದ ನೆಲ ಚೆನ್ನಾಗಿ ಕಾಣುತ್ತದೆ. ತಲೆ ಮೇಲಿನ ಗೂಡು ಚಿಕ್ಕದು, ದೊಡ್ಡ ಟ್ರಾಲಿ ತುರುಕಲು ಆಗುವುದಿಲ್ಲ.

ಲಗೇಜ್ 15 ಕೆಜಿ ಮಿತಿ ಇತ್ತು. ಕರಿಮೆಣಸು ತೂಗುವ ತಕ್ಕಡಿಗೆ ಮನೆಯಲ್ಲೇ ನೇತುಹಾಕಿದೆ, 14.8. ಕೌಂಟರಿನಲ್ಲೂ 14.8. ನಮ್ಮ ತಕ್ಕಡಿಯನ್ನು ಅನುಮಾನಿಸುವ ಮೆಣಸಿನ ವ್ಯಾಪಾರಿ ಅವತ್ತು ಪಕ್ಕದಲ್ಲಿರಬೇಕಿತ್ತು! ಕಾಚಂಪುಳಿ ಈಗ ಪ್ಲಾಸ್ಟಿಕ್ ಬಾಟಲಿಯಲ್ಲಿ, ಎರಡು ಕವರ್ ಒಳಗೆ, ಕಾಫಿ ಪುಡಿಯ ಪೊಟ್ಟಣಗಳ ನಡುವೆ.

ನಾಲ್ಕು ಸಲ ಕಳೆದದ್ದು ಒಟ್ಟು 23,000 ಇರಬಹುದು. ಐದನೇ ಸಲ 8,000 ಉಳಿಯಿತು. ಇನ್ನೆರಡು ಸಲ ಹೀಗೇ ಹಾರಿದರೆ ಸಮ. ಹುತ್ತರಿ ಹಬ್ಬ ಆದ ಮೇಲೆ ಕೊಯ್ಲು ಶುರು, ನನಗೆ ಬಿಡುವಿಲ್ಲ. ಹೆಂಡತಿ ಒಬ್ಬಳೇ ಹೋಗಬೇಕು. ಅವಳ ಫೋನಿಗೆ ಆ್ಯಪ್ ಹಾಕಿಕೊಟ್ಟು, ಹುಣಸೂರಿನಲ್ಲಿ ಏನು ನೋಡಬೇಕು ಎಂದು ಚೀಟಿಯನ್ನೂ ಬರೆದುಕೊಟ್ಟೆ. ಚೀಟಿ ಓದಿ ಮಡಚಿಟ್ಟು, "ನಾನು ಸುಮ್ನೆ ಬಸ್ಸಲ್ಲಿ ಹೋಗ್ತೀನಿ" ಅಂದಳು.