ಶಾಪ ಫಲಿಸುವ ರಾಜ್ಯ: ಮೊದಲ ಸಂಪುಟ ಬರೆದ ನನ್ನ ಅನುಭವ

ಮಾಯಾರಾಜ್ಯವೊಂದರ ಕಥೆಯನ್ನು ಐದು ಸಂಪುಟಗಳಲ್ಲಿ ಬರೆಯುತ್ತೇನೆ ಎಂದಾಗ ಮೂವರು ಪ್ರಕಾಶಕರು ಒಂದೇ ಮಾತು ಹೇಳಿದರು: ಇದು ಮಕ್ಕಳ ಕಥೆ, ಇಷ್ಟು ದಪ್ಪನೆಯ ಪುಸ್ತಕವನ್ನು ಯಾರೂ ಕೊಳ್ಳುವುದಿಲ್ಲ. ಮೊದಲ ಸಂಪುಟದ ಸಾವಿರ ಪ್ರತಿಗಳು ಹದಿನಾಲ್ಕು ತಿಂಗಳಲ್ಲಿ ಮುಗಿದಿವೆ. ಎರಡನೆಯ ಮುದ್ರಣ ಹೋದ ವಾರ ಮನೆಗೆ ಬಂತು. ಇನ್ನು ಹೇಳಿಕೊಳ್ಳಲು ಅಡ್ಡಿಯಿಲ್ಲ.

ಮೊದಲ ಕರಡು ಸುಮಾರು 900 ಪುಟವಿತ್ತು, ಮೂರು ವರ್ಷದ ದುಡಿಮೆ. ಏಳು ಬಗೆಯ ಮಂತ್ರವಿದ್ಯೆ, ಹನ್ನೊಂದು ರಾಜವಂಶ, ಮಾತಾಡುವ ಕತ್ತಿ ಎಲ್ಲವೂ ಅದರಲ್ಲಿದ್ದವು. ನಾಯಕ ಸಿಕ್ಕಿಬಿದ್ದಾಗಲೆಲ್ಲ ಹೊಸದೊಂದು ಮಂತ್ರ ಹುಟ್ಟುತ್ತಿತ್ತು. ಓದಲು ಕೊಟ್ಟ ಆರು ಜನರಲ್ಲಿ ನಾಲ್ವರು ನೂರನೆಯ ಪುಟ ದಾಟಲಿಲ್ಲ. ಆತುರಪಟ್ಟು ಬರೆಸಿದ್ದ ಮುಖಪುಟದ 15,000 ರೂಪಾಯಿಯೂ ನೀರಿಗೆ ಬಿತ್ತು.

ದಾರಿ ಸಿಕ್ಕಿದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ. ಕೇದಾರೇಶ್ವರ ಗುಡಿಯ ಆವರಣದ ಶಾಸನಗಳನ್ನು ನೋಡಿ ಬಂದವನು ಕರ್ನಾಟಕದ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯ ಕರ್ನಾಟಿಕ ಮಾಲೆಯ ಏಳನೆಯ ಸಂಪುಟ ಹಿಡಿದು ಕುಳಿತೆ. ದಾನಶಾಸನಗಳ ಕೊನೆಯ ಶಾಪದ ಸಾಲುಗಳು ನಮಗೆಲ್ಲ ಗೊತ್ತಿರುವವೇ: ದತ್ತಿಯನ್ನು ಅಳಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು, ಅಂದರೆ ಕಪಿಲೆ ಹಸುವನ್ನು, ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುತ್ತಾನೆ. ಈ ಶಾಪ ನಿಜವಾಗಿಯೂ ಫಲಿಸುವ ರಾಜ್ಯವೊಂದಿದ್ದರೆ? ಏಳು ಮಂತ್ರವಿದ್ಯೆಗಳನ್ನೂ ಕಿತ್ತು ಹಾಕಿ ಇದೊಂದನ್ನೇ ಉಳಿಸಿಕೊಂಡೆ.

ಆಮೇಲೆ ನಾನು ಕಥೆ ಬರೆಯಲಿಲ್ಲ, ಲೆಕ್ಕ ಬರೆದೆ. ಉದ್ದನೆಯ ಕಿರ್ದಿ ಪುಸ್ತಕವೊಂದನ್ನು ತಂದು, ರಾಜ್ಯದಲ್ಲಿ ಹನ್ನೆರಡು ಸಾವಿರ ಮತ್ತರು (ಮತ್ತರು ಎಂದರೆ ನೆಲದ ಹಳೆಯ ಅಳತೆ) ಭೂಮಿ ಎಂದು ಇಟ್ಟುಕೊಂಡೆ. ಅಜ್ಜ ಕೊಟ್ಟ ಸರ್ವಮಾನ್ಯವನ್ನು, ಅಂದರೆ ತೆರಿಗೆಯಿಲ್ಲದ ದತ್ತಿಯ ನೆಲವನ್ನು, ಮೊಮ್ಮಗ ಹಿಂತೆಗೆದುಕೊಂಡರೆ ಹುಳುವಾಗುತ್ತಾನೆ. ಹೀಗಾಗಿ ತಲೆಮಾರು ಕಳೆದಂತೆ ತೆರಿಗೆ ಕೊಡುವ ನೆಲ ಕರಗುತ್ತ ಬಂದು, ಐದನೆಯ ರಾಜನ ಪಾಲಿಗೆ ಮುನ್ನೂರು ಮತ್ತರು ಉಳಿಯುತ್ತದೆ. ಬೊಕ್ಕಸದಲ್ಲಿ ಒಂದು ಗದ್ಯಾಣದ ಚಿನ್ನದ ನಾಣ್ಯವಿಲ್ಲ, ಕೆರೆಯ ತೂಬು ಕಟ್ಟಿಸಲು ಆಳಿಲ್ಲ. ದತ್ತಿಯ ಕಲ್ಲು ನೆಡದ ನೆಲ ಬೇಕೆಂದೇ ಯುದ್ಧ ಶುರುವಾಗುತ್ತದೆ. ಖಳನನ್ನು ನಾನು ಹುಡುಕಬೇಕಾಗಲಿಲ್ಲ. ದತ್ತಿ ಇರುವುದು ಸೂರ್ಯಚಂದ್ರರಿರುವ ತನಕ ತಾನೇ? ಶಾಸನದ ಕಲ್ಲಿನ ನೆತ್ತಿಯಲ್ಲಿ ಕೆತ್ತಿದ ಸೂರ್ಯಚಂದ್ರರನ್ನೇ ರಾತ್ರಿ ಹೊತ್ತು ಉಜ್ಜಿ ಅಳಿಸುವವನು ಆ ಕಿರ್ದಿಯಿಂದಲೇ ಎದ್ದು ಬಂದ.

ಹುಳುವಾಗುವ ದೃಶ್ಯವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ಗುಡುಗು, ಮಿಂಚು, ಚೀರಾಟ. ನಾಲ್ಕನೆಯದರಲ್ಲಿ, ದತ್ತಿಯ ಹೊಲಕ್ಕೆ ಒಂದೇ ಒಂದು ಸಾಲು ನೇಗಿಲು ಒತ್ತಿಸಿ ಬಂದ ಸುಂಕದ ಅಧಿಕಾರಿಯ ಹೆಂಡತಿ ಬೆಳಗ್ಗೆ ಹೊದಿಕೆ ಸರಿಸುತ್ತಾಳೆ. ಕಡಗ ಇದೆ, ಉಡಿದಾರ ಇದೆ, ಹಾಸಿಗೆಯ ತಗ್ಗು ಇನ್ನೂ ಬೆಚ್ಚಗಿದೆ. ಅವಳು ಹಿತ್ತಿಲ ತಿಪ್ಪೆಯ ಕಡೆ ನೋಡುತ್ತಾಳೆ. ಅಂದಿನಿಂದ ಆ ಮನೆಯಲ್ಲಿ ಯಾರೂ ಸಗಣಿ ಬಾಚುವುದಿಲ್ಲ. ಓದುಗರ ಪತ್ರಗಳಲ್ಲಿ ಅರ್ಧಕ್ಕರ್ಧ ಈ ಒಂದು ಪುಟದ ಬಗ್ಗೆಯೇ ಇವೆ.

ನಡುವೆ ಹಳಗನ್ನಡದ ಹುಚ್ಚೂ ಹಿಡಿದಿತ್ತು. ಸಂಭಾಷಣೆಯನ್ನೆಲ್ಲ ಹಳಗನ್ನಡದಲ್ಲಿ ಬರೆದು ಎರಡು ತಿಂಗಳು ಕಳೆದೆ. ಎಂ.ಎ. ಮಾಡಿದವರಿಗೂ ಎರಡನೆಯ ಪುಟಕ್ಕೆ ದಣಿವಾಯಿತು. ಈಗ ಕಲ್ಲಿನ ಮೇಲಿನ ಮಾತು ಮಾತ್ರ ಹಳೆಯದು, ನಾಲ್ಕು ಸಾಲಿಗೆ ಮೀರುವುದಿಲ್ಲ. ಆದರೆ ಆರಂಭದ ಅಧ್ಯಾಯವನ್ನು ವೀರಗಲ್ಲಿನ ಹಾಗೆ ಕೆಳಗಿನಿಂದ ಮೇಲಕ್ಕೆ ಕಟ್ಟಿದ ಪ್ರಯೋಗ ಕೈಹಿಡಿಯಿತು: ತಳದ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ಅವನು. ಊರುಗಳ ಹೆಸರು ಹುಟ್ಟಿಸಲು ನನ್ನದೇ ಒಂದು ಉಪಾಯವಿದೆ. ಐದೂ ಸಂಪುಟ ಮುಗಿಯುವವರೆಗೆ ಅದನ್ನು ಯಾರಿಗೂ ಹೇಳುವುದಿಲ್ಲ.

ಇನ್ನು ಹಣದ ಮಾತು. ಡೆಮಿ ಅಷ್ಟದಳ ಆಕಾರ, 416 ಪುಟ, ಅಂದರೆ ಹದಿನಾರು ಪುಟಕ್ಕೊಂದರಂತೆ 26 ಫಾರಂ. ಸಾವಿರ ಪ್ರತಿಗೆ ಕಾಗದ, ಮುದ್ರಣ, ಹೊಲಿಗೆ ಸೇರಿ ಸುಮಾರು 1,18,000 ರೂಪಾಯಿ. ಮುಖಬೆಲೆ 450. ಪ್ರಕಟಣಪೂರ್ವವಾಗಿ 350ಕ್ಕೆ ಕೊಟ್ಟಾಗ 310 ಜನ ಮುಂಗಡ ಕಳಿಸಿದರು. ಮುದ್ರಣದ ವೆಚ್ಚ ಅಲ್ಲಿಗೆ ಬಹುಪಾಲು ತೀರಿತು. ಅಂಗಡಿಯವರು ಶೇಕಡ 40 ಕೇಳುತ್ತಾರೆ, ಹಣ ಆರು ತಿಂಗಳಿಗೆ ಬರುತ್ತದೆ. ಅದಕ್ಕೇ ಅಂಗಡಿಗಳಿಗೆ ಇನ್ನೂರು ಮಾತ್ರ ಕೊಟ್ಟು ಉಳಿದವನ್ನು ನಾನೇ ಕಟ್ಟಿ ಕಳಿಸಿದೆ. ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಒಂದೂವರೆ ಲಕ್ಷಕ್ಕೆ ತುಸು ಹೆಚ್ಚು.

ದೊಡ್ಡ ಪೆಟ್ಟು ಪುಟವಿನ್ಯಾಸದಲ್ಲಿ ಬಿತ್ತು. ಯೂನಿಕೋಡ್ ಕಡತವನ್ನು ಹಳೆಯ ಫಾಂಟಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದವು. ಕಣ್ಣಿಗೆ ಬಿದ್ದದ್ದು ಎಂಟು ಫಾರಂ ಅಚ್ಚಾದ ಮೇಲೆ. ಹದಿನಾರು ಸಾವಿರ ರೂಪಾಯಿಯ ಕಾಗದ ರದ್ದಿಗೆ ಹೋಯಿತು. ಎರಡನೆಯ ಮುದ್ರಣಕ್ಕೆ ಪ್ರತಿ ಫಾರಮ್ಮನ್ನೂ ಕಾಗದದ ಮೇಲೆ ತೆಗೆಸಿ, ಬೆರಳಿಟ್ಟು ಓದಿದ ಮೇಲೆಯೇ ಸಹಿ ಹಾಕಿದೆ.

ಎರಡನೆಯ ಸಂಪುಟದ ಕಿರ್ದಿ ಈಗ ತೆರೆದಿದೆ. ಮುನ್ನೂರು ಮತ್ತರಿನಲ್ಲಿ ಇನ್ನೂರ ಹತ್ತು ಹೋಗಿದೆ. ರಾಣಿಗೆ ಇನ್ನೂ ಮಗಳ ಮದುವೆ ಮಾಡುವುದಿದೆ.