ಮನೆಯಲ್ಲೇ ಶಾಲೆ: ಮೊದಲ ವರ್ಷಕ್ಕೆ ನಾವು ಹೊಂದಿಸಿಕೊಂಡ ಸಾಮಾನು

ಮೇ ತಿಂಗಳು ಮುಗಿಯುತ್ತಾ ಬಂದರೆ ನಮ್ಮ ತುಮಕೂರಿನ ಪುಸ್ತಕದಂಗಡಿಗಳ ಮುಂದೆ ನಿಲ್ಲೋಕೂ ಜಾಗ ಇರುವುದಿಲ್ಲ. ಎಲ್ಲರ ಕೈಯಲ್ಲೂ ಶಾಲೆಯವರು ಕೊಟ್ಟ ಪಟ್ಟಿ. ನಮಗೆ ಪಟ್ಟಿ ಕೊಡುವವರು ಯಾರೂ ಇರಲಿಲ್ಲ. ಮಗಳಿಗೆ ಏಳು ವರ್ಷ, ಎರಡನೇ ತರಗತಿಯ ವಯಸ್ಸು. ಮನೆಯಲ್ಲೇ ಕಲಿಸೋಣ ಅಂತ ನಾನೂ ನಮ್ಮ ಯಜಮಾನರೂ ತೀರ್ಮಾನ ಮಾಡಿದ್ದೆವು, ಹಾಗಾಗಿ ಪಟ್ಟಿಯನ್ನೂ ನಾವೇ ಬರೆಯಬೇಕಿತ್ತು. ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ ಹಾಕಿಕೊಂಡೆವು: ಇದನ್ನು ಅವಳು ಕೈಯಲ್ಲಿ ಹಿಡಿದು ಏನಾದರೂ ಮಾಡುತ್ತಾಳಾ, ಇಲ್ಲಾ ಸುಮ್ನೆ ನೋಡುತ್ತಾಳಾ? ನೋಡೋಕಷ್ಟೇ ಆಗುವಂಥವು ಬೇಡ ಅಂದುಕೊಂಡ ಕೂಡಲೇ ಗೋಡೆಗೆ ಹಾಕುವ ಬಣ್ಣದ ಚಾರ್ಟುಗಳೆಲ್ಲ ಪಟ್ಟಿಯಿಂದ ಹೊರಗೆ ಹೋದವು.

ಪಠ್ಯಪುಸ್ತಕದ ಚಿಂತೆ ಬೇಗ ಮುಗಿಯಿತು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಎನ್‌ಸಿಇಆರ್‌ಟಿ ಪುಸ್ತಕಗಳೂ ಹಾಗೇ. ಬೇಕಾದ ಪಾಠಗಳನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆವು. ಕಥೆ ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ಇದೆ. ಅಲ್ಲಿನ ಕನ್ನಡ ಕಥೆಗಳನ್ನು ಮಟ್ಟ ನೋಡಿ ಆರಿಸಿಕೊಳ್ಳಬಹುದು. ಆದರೂ ಓದುವ ಪುಸ್ತಕ ಕೈಯಲ್ಲಿರಬೇಕು, ಮೊಬೈಲಿನಲ್ಲಲ್ಲ. ಆ ವಿಷಯದಲ್ಲಿ ನಾನು ಹಟಮಾರಿ.

ನೋಟ್‌ಬುಕ್‌ಗಳಲ್ಲಿ ಕನ್ನಡಕ್ಕೆ ಎರಡು ಗೆರೆಯದು, ಇಂಗ್ಲಿಷಿಗೆ ನಾಲ್ಕು ಗೆರೆಯದು, ಲೆಕ್ಕಕ್ಕೆ ಚೌಕದ್ದು ತಂದೆವು. ಬೈಂಡ್ ಹಾಕುವ ಕೆಲಸ ಮಗಳೇ ಮಾಡಿದಳು. ಎಲ್ಲಕ್ಕಿಂತ ಜಾಸ್ತಿ ಖರ್ಚಾಗಿದ್ದು ಗೆರೆಯಿಲ್ಲದ ಬಿಳಿ ಹಾಳೆ. ಅದರಲ್ಲಿ ಜಿಪುಣತನ ಮಾಡಬೇಡಿ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕೋಣೆಯಿಂದ ಎರಡು ವಿಷಯ ತೆಗೆದುಕೊಂಡೆವು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಮಕ್ಕಳು ನಲಿಯುತ್ತಾ ಕಲಿಯುವ ಪದ್ಧತಿ ಅದು. ಅಲ್ಲಿ ಕಪ್ಪುಹಲಗೆ ಮೇಷ್ಟ್ರ ಎತ್ತರಕ್ಕೆ ಇರುವುದಿಲ್ಲ, ನೆಲದಲ್ಲಿ ಕೂತ ಮಗುವಿನ ಕೈಗೆ ಸಿಗುವಂತೆ ಗೋಡೆಯ ಕೆಳಭಾಗದಲ್ಲಿರುತ್ತದೆ. ನಾವೂ ಹಾಲ್‌ನ ಒಂದು ಗೋಡೆಯ ಕೆಳಭಾಗಕ್ಕೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿದೆವು. ಚೆನ್ನಾಗಿ ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಇಡೀ ಗೋಡೆಗೆ ಉಜ್ಜಿ ಒರೆಸಬೇಕು. ಹಾಗೆ ಮಾಡದಿದ್ದರೆ ಮೊದಲು ಬರೆದ ಅಕ್ಷರ ಪೂರ್ತಿ ಅಳಿಸಿಹೋಗದೆ ನೆರಳಿನ ಹಾಗೆ ಉಳಿದುಬಿಡುತ್ತದೆ. ಇನ್ನೊಂದು, ಚಪ್ಪರ. ಕೋಣೆಗೆ ಅಡ್ಡಡ್ಡ ದಾರ ಕಟ್ಟಿ ಮಗು ಬರೆದದ್ದು, ಬಿಡಿಸಿದ್ದು ಎಲ್ಲ ನೇತುಹಾಕುವುದು. ದಾರ, ಒಂದಿಷ್ಟು ಬಟ್ಟೆ ಕ್ಲಿಪ್ಪು, ಅಷ್ಟೇ ಖರ್ಚು.

ಕಾಗುಣಿತಕ್ಕೆ ಮಾಡಿಕೊಂಡ ಕಾರ್ಡುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳು ಕ, ಕಾ, ಕಿ, ಕೀ ಅಂತ ಬಾಯಿಪಾಠ ಒಪ್ಪಿಸುತ್ತವೆ, ಆದರೆ ಎಲ್ಲಿ ಏನು ಬದಲಾಯಿತು ಅನ್ನುವುದು ಗೊತ್ತಾಗಿರುವುದಿಲ್ಲ. ನಾವು ಕಾರ್ಡ್‌ಬೋರ್ಡಿನ ಮೇಲೆ ಅಕ್ಷರಗಳನ್ನು ತಲೆಕಟ್ಟು ಇಲ್ಲದೆ ಬರೆದೆವು. ಸ್ಪೈರಲ್ ಬೈಂಡಿಂಗಿಗೆ ಮೇಲೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇರುತ್ತದಲ್ವಾ, ಅದನ್ನು ಅದೇ ಅಳತೆಗೆ ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ಗುರುತು ಬರೆದೆವು: ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ. ಬೋಳು ಅಕ್ಷರದ ಮೇಲೆ ತಲೆಕಟ್ಟಿನ ಹಾಳೆ ಇಟ್ಟರೆ ಕ. ಅದನ್ನು ತೆಗೆದು ಗುಡಿಸಿನ ಹಾಳೆ ಇಟ್ಟರೆ ಕಿ. ತಲೆಕಟ್ಟನ್ನು ತೆಗೆಯದೆ ಗುಡಿಸು ಬರುವುದಿಲ್ಲ ಅನ್ನುವುದು ಅವಳ ಕೈಗೇ ಗೊತ್ತಾಯಿತು. ಜ, ಟ, ಣ, ಲ ಇವಕ್ಕೆ ತಲೆಕಟ್ಟೇ ಇಲ್ಲ ಅಂತ ಅವಳೇ ಹುಡುಕಿ ಬೇರೆ ಗುಂಪು ಮಾಡಿದಳು. ಬಿ, ಮಿ, ಯಿ ತರಹದವು ಹೀಗೆ ಹಾಳೆ ಇಟ್ಟರೆ ಸರಿಯಾಗಿ ಕೂರುವುದಿಲ್ಲ, ಅವನ್ನು ಬಿಡಿ ಕಾರ್ಡುಗಳಲ್ಲೇ ಬರೆದುಕೊಂಡೆವು.

ಲೆಕ್ಕದ ಸಾಮಾನು ಪೂರಾ ಹುಣಸೆ ಬೀಜ. ತುಮಕೂರಿನವರು ಬೀಜಕ್ಕೆ ದುಡ್ಡು ಕೊಡಬೇಕಾ! ಬೇಸಿಗೆಯಲ್ಲಿ ಊರಿಂದ ಹುಣಸೆಹಣ್ಣು ಬಂದಾಗ ನಮ್ಮತ್ತೆ ಬೀಜ ಬಿಡಿಸಿ, ತೊಳೆದು, ಒಣಗಿಸಿ ಡಬ್ಬಿಗೆ ತುಂಬಿಟ್ಟಿದ್ದರು. ಹಳೆ ಬಟ್ಟೆಯಲ್ಲಿ ಪುಟ್ಟ ಪುಟ್ಟ ಚೀಲ ಹೊಲಿದು ಹತ್ತತ್ತು ಬೀಜ ಹಾಕಿ ಬಾಯಿ ಕಟ್ಟಿದೆವು. 52ರಲ್ಲಿ 17 ಕಳೆಯಬೇಕು ಅಂದುಕೊಳ್ಳಿ. ಐದು ಚೀಲ, ಎರಡು ಬಿಡಿ ಬೀಜ. ಎರಡರಲ್ಲಿ ಏಳು ಹೋಗುವುದಿಲ್ಲ. ಒಂದು ಚೀಲ ಬಿಚ್ಚಲೇಬೇಕು. ಬಿಚ್ಚಿದರೆ ಹನ್ನೆರಡು ಬಿಡಿ ಬೀಜ, ಏಳು ತೆಗೆದರೆ ಐದು. ಉಳಿದ ನಾಲ್ಕು ಚೀಲದಲ್ಲಿ ಒಂದು ಹೋದರೆ ಮೂರು. 35. "ಪಕ್ಕದ ಮನೆಯಿಂದ ಸಾಲ ತಗೋ" ಅಂತ ಹೇಳಿಕೊಡುವುದಕ್ಕಿಂತ ಇದು ಎಷ್ಟೋ ಮೇಲು ಅಂತ ನನಗನ್ನಿಸುತ್ತದೆ. ಯಾಕೆಂದರೆ ಇಲ್ಲಿ ಯಾರೂ ಸಾಲ ಕೊಡುತ್ತಿಲ್ಲ, ಅವಳದೇ ಹತ್ತು ಬಿಡಿಯಾಗುತ್ತಿದೆ.

ನಾಲ್ಕು ಬೀಜಗಳ ಒಂದು ಬದಿಯನ್ನು ಕಲ್ಲಿನ ಮೇಲೆ ಬೆಳ್ಳಗಾಗುವವರೆಗೆ ತೇಯ್ದು ಅತ್ತೆ ಚೌಕಾಬಾರದ ಕವಡೆ ಮಾಡಿಕೊಟ್ಟರು. ಆಡುವಾಗ ಪ್ರತಿ ಸಲ ಬಿದ್ದದ್ದನ್ನು ಮಗಳು ಚೌಕದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಗುರುತು ಮಾಡುತ್ತಾಳೆ. ಎರಡು ಯಾಕೆ ಪದೇ ಪದೇ ಬೀಳುತ್ತೆ, ನಾಲ್ಕು, ಎಂಟು ಯಾಕೆ ಅಪರೂಪ ಅಂತ ಕೇಳಿದ್ದಾಳೆ. ಉತ್ತರ ಇನ್ನೂ ಹೇಳಿಲ್ಲ. ಗೆರೆಗಳು ಇನ್ನಷ್ಟು ತುಂಬಲಿ.

ಅಟ್ಟದಿಂದ ಸೇರು, ಪಾವು, ಚಟಾಕು ಇಳಿಸಿದೆವು. ನಾಲ್ಕು ಪಾವು ರಾಗಿ ಸುರಿದರೆ ಸೇರು ತುಂಬುತ್ತದೆ. ಕಾಲು, ಅರೆ, ಮುಕ್ಕಾಲು ಕಲಿಯೋಕೆ ಬೇರೇನೂ ಬೇಕಾಗಲಿಲ್ಲ. ದುಡ್ಡು ಕೊಟ್ಟು ತಂದದ್ದು ಒಂದು ಪುಟ್ಟ ತಕ್ಕಡಿ, ತೂಕದ ಕಲ್ಲು, ಅಳತೆ ಟೇಪು, ಒಂದು ಭೂತಗನ್ನಡಿ. ಭೂತಗನ್ನಡಿ ಊರ ಹತ್ತಿರದ ನಾಮದ ಚಿಲುಮೆಯ ಕಾಡಿಗೆ ಹೋದಾಗೆಲ್ಲ ಜೊತೆಗೇ ಬರುತ್ತದೆ.

ಜಿಲ್ಲೆಯ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿ, ಹತ್ತು ತಾಲ್ಲೂಕುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದೆವು. ಆ ತುಂಡುಗಳನ್ನು ಜೋಡಿಸುವಾಗ ಅವಳಿಗೆ ತಲೆಕೆಡಿಸಿದ್ದು ಪಾವಗಡ. ಬಹುಪಾಲು ಆಂಧ್ರವೇ ಸುತ್ತುವರಿದಿರುವ ತಾಲ್ಲೂಕು, ತುಮಕೂರಿಗೆ ಹೇಗೆ ಸೇರಿತು ಅಂತ ಅವಳ ಪ್ರಶ್ನೆ. ಈ ವರ್ಷದ ಇತಿಹಾಸ ಪಾಠ ಅಲ್ಲಿಂದಲೇ ಶುರು ಮಾಡಿದೆವು.

ಇನ್ನು ಕಾಗದಪತ್ರ. ಟಿ.ಸಿ., ಜನನ ಪ್ರಮಾಣಪತ್ರ, ಆಧಾರ್ ಪ್ರತಿ ಒಂದು ಫೈಲಿನಲ್ಲಿ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ, ಮುಂದೆ ಮತ್ತೆ ಶಾಲೆಗೆ ಸೇರಿಸಬೇಕಾದರೂ ದಾಖಲೆ ಕೈಲಿರಬೇಕು. ಹತ್ತನೇ ತರಗತಿಯನ್ನು ಎನ್‌ಐಒಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ) ಮೂಲಕ ಕಟ್ಟಲು ಕನಿಷ್ಠ 14 ವರ್ಷ ಆಗಿರಬೇಕು, ಅದಕ್ಕೆ ಇನ್ನೂ ಕಾಲ ಇದೆ. ಸದ್ಯಕ್ಕೆ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಆ ದಿನ ಏನು ಕಲಿತಳು ಅಂತ ಒಂದೆರಡು ಸಾಲು ಬರೆಯುತ್ತೇನೆ. ಚಪ್ಪರದಿಂದ ಇಳಿಸಿದ ಹಾಳೆಗಳೂ ದಿನಾಂಕದ ಸಮೇತ ಅದೇ ಫೈಲಿಗೆ ಸೇರುತ್ತವೆ.