ಉದ್ದೇಶ ಮೊದಲು ಬರೆಯಿರಿ, ಪ್ರೊಜೆಕ್ಟರ್ ಆಮೇಲೆ ಹಚ್ಚಿ

ಕೋಲಾರದ ಸುತ್ತಮುತ್ತ ಯಾವ ಶಾಲೆಯ ಪಾಠ ಯೋಜನೆ ತೆರೆದರೂ ಉದ್ದೇಶದ ಜಾಗದಲ್ಲಿ ಒಂದು ವಾಕ್ಯ ಖಾಯಂ: ‘ಮಕ್ಕಳು ಶೇಕಡಾವಾರನ್ನು ಅರ್ಥಮಾಡಿಕೊಳ್ಳುವರು.’ ಅರ್ಥವಾಗಿದ್ದು ಗೊತ್ತಾಗುವುದು ಹೇಗೆ? ‘ಅರ್ಥ ಆಯ್ತಾ?’ ಅಂದರೆ ಇಡೀ ಕ್ಲಾಸು ‘ಹೂಂ ಸಾರ್’ ಅನ್ನುತ್ತದೆ, ಅಲ್ವಾ?

ಮೊದಲು ಒಂದು ವಿಷಯ ಆರಿಸಿ. ಒಂದು ಪೀರಿಯಡ್‌ಗೆ ಒಂದೇ ಉದ್ದೇಶ, ಅಂದರೆ ಪಾಠ ಮುಗಿದಾಗ ಮಗು ಮಾಡಿ ತೋರಿಸಬೇಕಾದ ಒಂದೇ ಕೆಲಸ, ಸಾಕು.

ಮುಂದಿನದು ಆ ಉದ್ದೇಶದ ಕ್ರಿಯಾಪದ. ಜಾಸ್ತಿ ಜನ ಎಡವುವುದು ಇಲ್ಲೇ. ತಿಳಿಯುವುದು, ಅರಿಯುವುದು, ಮೆಚ್ಚುವುದು ಎಲ್ಲವೂ ತಲೆಯೊಳಗಿನ ಕೆಲಸ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಹಾಕುವುದು, ವಿಂಗಡಿಸುವುದು, ಚಿತ್ರ ಬರೆದು ಭಾಗ ಗುರುತಿಸುವುದು, ಕಾರಣ ಕೊಡುವುದು ಕಣ್ಣಿಗೆ ಬೀಳುತ್ತವೆ. ಅಮೆರಿಕದ ಶಿಕ್ಷಣ ಮನಃಶಾಸ್ತ್ರಜ್ಞ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕೊಟ್ಟ, 2001ರಲ್ಲಿ ತಿದ್ದುಪಡಿಯಾದ ಕಲಿಕೆಯ ಆರು ಹಂತಗಳನ್ನು ಬಿ.ಎಡ್.ನಲ್ಲಿ ಬಾಯಿಪಾಠ ಮಾಡಿರುತ್ತೀರಿ. ಆ ಪಟ್ಟಿಯನ್ನು ಈಗ ಹೊರತೆಗೆಯಿರಿ. ನಿಮ್ಮ ಕ್ರಿಯಾಪದ ಬರೀ ‘ನೆನಪಿಸಿಕೊಳ್ಳು’ವಲ್ಲೇ ನಿಂತಿದೆಯೋ, ‘ಅನ್ವಯಿಸು’ವವರೆಗೆ ಬಂದಿದೆಯೋ ನೋಡಿ.

ಅದಕ್ಕೆ ಇನ್ನೆರಡು ಸೇರಿಸಿ: ಮಗುವಿನ ಕೈಗೆ ಏನು ಕೊಡುತ್ತೀರಿ, ಎಷ್ಟು ಸರಿಯಾದರೆ ಸಾಕು. ನಮ್ಮ ಕಡೆಯ ಮಕ್ಕಳಿಗೆ ಎಪಿಎಂಸಿ ಟೊಮೆಟೊ ಬಾಕ್ಸ್ ಗೊತ್ತು. ಹಾಗಾಗಿ ಹೀಗೆ ಬರೆಯಿರಿ: ‘ಬಾಕ್ಸ್‌ಗಳ ಸಂಖ್ಯೆ, ದರ, ಕಮಿಷನ್ ಇರುವ ಚೀಟಿ ಕೊಟ್ಟಾಗ ಮಗು ರೈತನ ಕೈಗೆ ಬರುವ ಹಣವನ್ನು ಲೆಕ್ಕ ಹಾಕುತ್ತದೆ, ಐದು ಲೆಕ್ಕಗಳಲ್ಲಿ ನಾಲ್ಕು ಸರಿ ಇರಬೇಕು.’ 10 ಬಾಕ್ಸ್, ಒಂದಕ್ಕೆ 300 ರೂಪಾಯಿ, ಕಮಿಷನ್ ಶೇ 5 ಅಂದುಕೊಳ್ಳಿ. ಉತ್ತರ 2,850. 150 ಅಂತ ಬರೆದ ಮಗು ಕಮಿಷನ್ ಕಂಡುಹಿಡಿದು ಕಳೆಯುವುದನ್ನು ಮರೆತಿದೆ. ತಪ್ಪು ಎಲ್ಲಾಯಿತು ಅನ್ನುವುದೂ ಸಿಕ್ಕಿತು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ರೆಡಿಮೇಡ್ ಯೋಜನೆ ಇಳಿಸಿಕೊಳ್ಳಬೇಡಿ. ಪೆನ್‌ಡ್ರೈವ್‌ನಲ್ಲಿ ಮಾರುವ ‘ಇಡೀ ವರ್ಷದ ಪಿಪಿಟಿ’ಗೂ ದುಡ್ಡು ಹಾಕಬೇಡಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತಾಗುತ್ತದೆ. ನೀವೇ ಮಾಡಿ, ಯೂನಿಕೋಡ್‌ನಲ್ಲೇ ಮಾಡಿ.

ತಂತ್ರಜ್ಞಾನದ ಸರದಿ ಈಗ. ಕ್ರಿಯಾಪದ ನೋಡಿ ಸಾಧನ ಆರಿಸಿ. ಲೆಕ್ಕ ಹಾಕಿಸಬೇಕಾದರೆ ಚೀಟಿಯ ಫೋಟೊ ತೆರೆಯ ಮೇಲೆ ಹಾಕಿದರೆ ಸಾಕು, ವಿಡಿಯೊ ಬೇಡ. ಕೋನ ಬದಲಾದಂತೆ ತ್ರಿಭುಜ ಏನಾಗುತ್ತದೆ ಅಂತ ಹೇಳಿಸಬೇಕಾದರೆ ಆಕೃತಿಗಳನ್ನು ಎಳೆದು ಬದಲಾಯಿಸಿ ನೋಡಬಹುದಾದ ಗಣಿತದ ತಂತ್ರಾಂಶ ಜಿಯೋಜೀಬ್ರಾ ಚೆನ್ನ, ಅದು ಉಚಿತ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಸಿಗುವ ವಿಡಿಯೊ ಹಾಕುವುದಾದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪೂರ್ತಿ ಓಡಿಸಬೇಡಿ. ಎರಡು ನಿಮಿಷಕ್ಕೆ ನಿಲ್ಲಿಸಿ, ‘ಮುಂದೆ ಏನಾಗುತ್ತೆ?’ ಅಂತ ನೋಟ್‌ಬುಕ್‌ನಲ್ಲಿ ಬರೆಸಿ, ಆಮೇಲೆ ಮುಂದುವರಿಸಿ. ಕರೆಂಟ್ ಹೋದರೆ ಅದೇ ಚೀಟಿಯನ್ನು ಬೋರ್ಡ್ ಮೇಲೆ ಬರೆಯಿರಿ.

ಕೊನೆಯ ಐದು ನಿಮಿಷ ಚೀಟಿಯ ಲೆಕ್ಕಕ್ಕೇ ಇಡಿ. ಅರ್ಧ ಕ್ಲಾಸು 150 ಅಂತಲೇ ಬರೆದಿದ್ದರೆ ಮರುದಿನ ಕಳೆಯುವ ಹಂತವೊಂದನ್ನೇ ಮತ್ತೆ ಮಾಡಿಸಿ.